ಪಾಠ ಮಾಡದ ಡೀನ್‌ಗೆ ಕಾಲೇಜಿನಲ್ಲಿ ಏನು ಕೆಲಸ? ‘ಸ್ಟೂಡೆಂಟ್ ಅಫೇರ್ಸ್’ ಎಂಬ ವೃತ್ತಿಯ ಕಥೆ

ಮಗನನ್ನೋ ಮಗಳನ್ನೋ ಹೊರ ಊರಿನ ಕಾಲೇಜಿಗೆ ಸೇರಿಸುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಫೀಸ್ ಎಷ್ಟು, ನ್ಯಾಕ್ ಗ್ರೇಡ್ ಯಾವುದು, ಪ್ಲೇಸ್‌ಮೆಂಟ್ ಹೇಗಿದೆ, ಮೆಸ್ಸಿನಲ್ಲಿ ಊಟ ಪರವಾಗಿಲ್ಲವೇ? ಕೇಳದೇ ಬಿಡುವ ಪ್ರಶ್ನೆಯೊಂದಿದೆ. ರಾತ್ರಿ ಹನ್ನೊಂದು ಗಂಟೆಗೆ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ತೆಗೆಯದಿದ್ದರೆ, ಆ ಕ್ಯಾಂಪಸ್ಸಿನಲ್ಲಿ ಸಂಬಳ ತೆಗೆದುಕೊಂಡು ಎಚ್ಚರವಾಗಿರುವವರು ಯಾರು?

ಭಾರತದ ಬಹುತೇಕ ಕಾಲೇಜುಗಳಲ್ಲಿ ಇದಕ್ಕೆ ಸಿಗುವ ಉತ್ತರ ‘ವಾರ್ಡನ್ ಇದ್ದಾರಲ್ಲ’. ಆ ವಾರ್ಡನ್ ಬೆಳಗ್ಗೆ ಥರ್ಮೋಡೈನಾಮಿಕ್ಸೋ ಅರ್ಥಶಾಸ್ತ್ರವೋ ಪಾಠ ಮಾಡುವ ಪ್ರಾಧ್ಯಾಪಕರು. ಹಾಸ್ಟೆಲ್ ಅವರಿಗೆ ಹೆಚ್ಚುವರಿ ಹೊಣೆ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ, ನೂರು ವರ್ಷ ದಾಟಿದ ವೃತ್ತಿ ಸಂಘಗಳಿವೆ, ಬಡ್ತಿಯ ಏಣಿ ಇದೆ. ಈ ವೃತ್ತಿಯ ಹೆಸರು ‘ಸ್ಟೂಡೆಂಟ್ ಅಫೇರ್ಸ್’. ಕರ್ನಾಟಕದ ಕಾಲೇಜುಗಳಲ್ಲಿ ಓದಿದವರು ‘ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ’ ಎಂಬ ಫಲಕವನ್ನು ನೋಡಿರುತ್ತೀರಿ. ಫಲಕ ಹಳೆಯದು. ಅದರ ಹಿಂದಿನ ಕುರ್ಚಿಯಲ್ಲಿ ಪೂರ್ಣಾವಧಿಗೆ ಒಬ್ಬರು ಕುಳಿತಿರುವುದು ಮಾತ್ರ ಅಪರೂಪ.

ತರಗತಿಯ ಹೊರಗಿನ ಎಲ್ಲವೂ

ಸ್ಥೂಲವಾಗಿ ಹೇಳುವುದಾದರೆ ಪಾಠ, ಪರೀಕ್ಷೆ, ಸಂಶೋಧನೆ ಬಿಟ್ಟು ವಿದ್ಯಾರ್ಥಿಯ ಬದುಕಿನಲ್ಲಿ ಉಳಿಯುವುದೆಲ್ಲ ಈ ವಿಭಾಗಕ್ಕೆ ಸೇರುತ್ತದೆ. ಹಾಸ್ಟೆಲ್, ಆಪ್ತ ಸಮಾಲೋಚನೆ, ಶಿಸ್ತು ಕ್ರಮ, ರ‍್ಯಾಗಿಂಗ್ ತಡೆ, ವಿದ್ಯಾರ್ಥಿ ಸಂಘ, ಕ್ಲಬ್ಬುಗಳು, ಫೆಸ್ಟ್, ಅಂಗವಿಕಲ ವಿದ್ಯಾರ್ಥಿಗಳಿಗೆ ಬೇಕಾದ ಅನುಕೂಲ, ವಿದೇಶಿ ವಿದ್ಯಾರ್ಥಿಗಳ ವೀಸಾ ಕಾಗದ, ಹಾಸ್ಟೆಲಿನ ಜಗಳ, ಪ್ರೇಮಭಂಗ, ಅಪ್ಪ ತೀರಿಕೊಂಡ ಸುದ್ದಿಯನ್ನು ಹುಡುಗಿಗೆ ತಿಳಿಸಿ ರಾತ್ರಿ ಬಸ್ಸಿಗೆ ಹತ್ತಿಸುವುದು. ಇವುಗಳಲ್ಲಿ ಕೆಲವಕ್ಕೆ ನಿಯಮ ಪುಸ್ತಕ ಇರುತ್ತದೆ. ಹೆಚ್ಚಿನವಕ್ಕೆ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. ಕಲಬುರಗಿಯ ಪರಿಶಿಷ್ಟ ಜಾತಿಯ ಹುಡುಗನೊಬ್ಬ ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ ಎಂದುಕೊಳ್ಳಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡುವುದು ವಿದ್ಯಾರ್ಥಿಯ ಮೂಲ ರಾಜ್ಯ. ಆದ್ದರಿಂದ ಅರ್ಜಿ ಹೋಗಬೇಕಾದದ್ದು ಕರ್ನಾಟಕಕ್ಕೆ, ದೃಢೀಕರಣ ಸಿಗಬೇಕಾದದ್ದು ಮಹಾರಾಷ್ಟ್ರದ ಕಾಲೇಜಿನಿಂದ. ಕಚೇರಿಯ ಗುಮಾಸ್ತರಿಗೆ ಕರ್ನಾಟಕದ ಪೋರ್ಟಲ್ ಗೊತ್ತಿಲ್ಲದಿದ್ದರೆ ಹುಡುಗ ಎರಡು ತಿಂಗಳು ಅಲೆಯುತ್ತಾನೆ. ಹಣ ತಡವಾಗುತ್ತದೆ, ಫೀಸ್ ಬಾಕಿ ಬೀಳುತ್ತದೆ, ಹಾಲ್ ಟಿಕೆಟ್ ತಡೆಹಿಡಿಯುತ್ತಾರೆ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗ ಕಾಗದದ ಕಾರಣಕ್ಕೆ ಸೆಮಿಸ್ಟರ್ ಕಳೆದುಕೊಳ್ಳಬಹುದು. ಎರಡು ಕಚೇರಿಗೆ ಫೋನ್ ಮಾಡಿ, ಪರೀಕ್ಷಾ ವಿಭಾಗಕ್ಕೆ ಒಂದು ಚೀಟಿ ಬರೆದು ಇದನ್ನು ಬಗೆಹರಿಸುವವರು ಬೇಕು. ಸ್ಟೂಡೆಂಟ್ ಅಫೇರ್ಸ್ ಎಂದರೆ ಬಹುಪಾಲು ಇಂಥ ಕೆಲಸವೇ.

ಹಾರ್ವರ್ಡಿನಲ್ಲಿ ಶುರುವಾದದ್ದು

19ನೇ ಶತಮಾನದ ಅಮೆರಿಕದಲ್ಲಿ ಕಾಲೇಜಿನ ಅಧ್ಯಕ್ಷರೇ ಪಾಠ ಮಾಡುತ್ತಿದ್ದರು, ಪ್ರಾರ್ಥನೆ ನಡೆಸುತ್ತಿದ್ದರು, ತಡವಾಗಿ ಬಂದವರಿಗೆ ದಂಡವನ್ನೂ ಹಾಕುತ್ತಿದ್ದರು. ವಿಶ್ವವಿದ್ಯಾಲಯಗಳು ದೊಡ್ಡದಾಗಿ, ಪ್ರಾಧ್ಯಾಪಕರು ಸಂಶೋಧನೆಯ ಕಡೆ ತಿರುಗಿದ ಮೇಲೆ ಹುಡುಗರನ್ನು ನೋಡಿಕೊಳ್ಳುವವರು ಇಲ್ಲವಾದರು. 1891ರಲ್ಲಿ ಹಾರ್ವರ್ಡ್ ಕಾಲೇಜಿನ ಡೀನ್ ಆದ ಲೆಬ್ಯಾರನ್ ರಸೆಲ್ ಬ್ರಿಗ್ಸ್ ಇಂಗ್ಲಿಷ್ ಪ್ರಾಧ್ಯಾಪಕರು. ಪಾಂಡಿತ್ಯಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳ ಮೇಲಿನ ಕಾಳಜಿಗೆ ಹೆಸರಾದವರು. ಮರುವರ್ಷ ಷಿಕಾಗೊ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಆಲಿಸ್ ಫ್ರೀಮನ್ ಪಾಮರ್ ಮತ್ತು ಮೇರಿಯನ್ ಟಾಲ್ಬಟ್ ವಿದ್ಯಾರ್ಥಿನಿಯರ ಹೊಣೆ ಹೊತ್ತರು. ಹೆಣ್ಣುಮಕ್ಕಳಿಗೆ ವಸತಿ ಹುಡುಕುವುದರಿಂದ ಹಿಡಿದು ಅವರಿಗೆ ಸಮಾನ ಅವಕಾಶ ಕೊಡಿಸುವವರೆಗೆ ಎಲ್ಲವನ್ನೂ ನೋಡಿಕೊಳ್ಳುವ ‘ಡೀನ್ ಆಫ್ ವಿಮೆನ್’ ಹುದ್ದೆ ಹೀಗೆ ಬೆಳೆಯಿತು. ಸಂಘ ಕಟ್ಟಿದ್ದೂ ಮೊದಲು ಈ ಮಹಿಳೆಯರೇ, 1916ರಲ್ಲಿ. ಪುರುಷ ಡೀನ್‌ಗಳು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ಸಭೆ ಸೇರಿದ್ದು 1919ರಲ್ಲಿ. ಇಂದಿನ ‘ನಾಸ್ಪಾ’ ಸಂಘದ ಬೇರು ಅಲ್ಲಿದೆ.

1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ‘ದಿ ಸ್ಟೂಡೆಂಟ್ ಪರ್ಸನೆಲ್ ಪಾಯಿಂಟ್ ಆಫ್ ವ್ಯೂ’ ಎಂಬ ಪುಟ್ಟ ವರದಿ ಪ್ರಕಟಿಸಿತು. ವಿದ್ಯಾರ್ಥಿಯ ತಲೆಯೊಂದಕ್ಕೇ ಪಾಠ ಹೇಳಿದರೆ ಸಾಲದು, ಅವನ ಆರೋಗ್ಯ, ಹಣಕಾಸು, ಸಂಬಂಧಗಳು, ಮುಂದಿನ ಉದ್ಯೋಗ ಎಲ್ಲವೂ ಕಾಲೇಜಿನ ಹೊಣೆ ಎಂಬುದು ಅದರ ತಿರುಳು. ವೃತ್ತಿಯಲ್ಲಿರುವವರು ಇವತ್ತಿಗೂ ಈ ವರದಿಯನ್ನು ಮೂಲಗ್ರಂಥದಂತೆ ನೆನೆಯುತ್ತಾರೆ.

ನಮ್ಮಲ್ಲೂ ಈ ಚಿಂತನೆ ಇತ್ತು, ದಾರಿ ಮಾತ್ರ ಬೇರೆ. ಕಾಲೇಜುಗಳು ಮಾಡದ ಕೆಲಸವನ್ನು ಸಮಾಜ ಮಾಡಿತು. ಹಳೆಯ ಮೈಸೂರಿನ ವಾರಾನ್ನ, ಜಾತಿ ಸಂಘಗಳು ಬೆಂಗಳೂರು ಮೈಸೂರುಗಳಲ್ಲಿ ಕಟ್ಟಿದ ಉಚಿತ ವಿದ್ಯಾರ್ಥಿ ನಿಲಯಗಳು, ಸಿದ್ಧಗಂಗೆಯಂಥ ಮಠಗಳ ದಾಸೋಹ, ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳಿಗೆ ತೆರೆಸಿದ ಬೋರ್ಡಿಂಗುಗಳು. ಅನ್ನ, ಸೂರು, ಒಬ್ಬ ಹಿರಿಯರ ಕಣ್ಣು ಇವಿಷ್ಟನ್ನು ಅವು ಕೊಟ್ಟವು. ಕಾಲೇಜಿನ ಒಳಗೆ ಏನಾಗುತ್ತದೆ ಎಂಬುದು ಅವುಗಳ ಕೈಯಲ್ಲಿರಲಿಲ್ಲ.

ಅಪ್ಪ-ಅಮ್ಮನ ಸ್ಥಾನದಿಂದ ಕೆಳಗಿಳಿದ ಕಾಲೇಜು

ಮೊದಮೊದಲು ಅಮೆರಿಕದ ಕಾಲೇಜುಗಳೂ ತಾವು ಪೋಷಕರ ಸ್ಥಾನದಲ್ಲಿದ್ದೇವೆ ಎಂದೇ ನಡೆದುಕೊಂಡವು. ಕೆಂಟಕಿಯ ಬೆರಿಯಾ ಕಾಲೇಜು ವಿದ್ಯಾರ್ಥಿಗಳು ಪಕ್ಕದ ಹೋಟೆಲಿಗೆ ಹೋಗಕೂಡದೆಂದು ನಿಷೇಧ ಹಾಕಿತ್ತು. ವ್ಯಾಪಾರ ಕಳೆದುಕೊಂಡ ಹೋಟೆಲ್ ಮಾಲೀಕ ಕೋರ್ಟಿಗೆ ಹೋದ. 1913ರಲ್ಲಿ ತೀರ್ಪು ಕಾಲೇಜಿನ ಪರವಾಯಿತು. ಪೋಷಕರಿಗಿರುವ ಅಧಿಕಾರ ಕಾಲೇಜಿಗೂ ಇದೆ ಎಂದಿತು ನ್ಯಾಯಾಲಯ.

ಈ ಲೆಕ್ಕಾಚಾರ ತಲೆಕೆಳಗಾದದ್ದು ಕಪ್ಪುವರ್ಣೀಯ ವಿದ್ಯಾರ್ಥಿಗಳ ಹೋರಾಟದಿಂದ. 1960ರಲ್ಲಿ ಅಲಬಾಮಾ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮಾಂಟ್ಗೊಮರಿಯ ಕೋರ್ಟ್ ಕಟ್ಟಡದಲ್ಲಿದ್ದ, ಬಿಳಿಯರಿಗೆ ಮಾತ್ರ ಮೀಸಲಾದ ಉಪಾಹಾರ ಗೃಹದಲ್ಲಿ ಹೋಗಿ ಕುಳಿತರು. ಕಾಲೇಜು ವಿಚಾರಣೆಯನ್ನೇ ನಡೆಸದೆ 9 ಮಂದಿಯನ್ನು ಹೊರಹಾಕಿತು. 1961ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರಿ ಕಾಲೇಜು ಹೀಗೆ ಮಾಡುವಂತಿಲ್ಲ, ನೋಟಿಸ್ ಕೊಟ್ಟು ವಿದ್ಯಾರ್ಥಿಯ ಮಾತು ಕೇಳಲೇಬೇಕು ಎಂದು ಹೇಳಿತು. ‘ಡಿಕ್ಸನ್’ ಪ್ರಕರಣ ಎಂದು ಹೆಸರಾದ ಈ ತೀರ್ಪಿನ ನಂತರ ವಿದ್ಯಾರ್ಥಿ ಹಕ್ಕುಳ್ಳ ನಾಗರಿಕನಾದ. 1971ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1974ರ ಕಾನೂನೊಂದು ಅಂಕಪಟ್ಟಿಯ ಮೇಲಿನ ಹಕ್ಕನ್ನು ಪೋಷಕರಿಂದ ವಿದ್ಯಾರ್ಥಿಗೇ ದಾಟಿಸಿತು. ಅಲ್ಲಿಗೆ ಮಕ್ಕಳನ್ನು ಕಳಿಸಿದ ನಮ್ಮವರಿಗೆ ಮೊದಲ ಸೆಮಿಸ್ಟರಿನಲ್ಲಿ ಆಗುವ ದೊಡ್ಡ ಆಘಾತ ಇದೇ. ಲಕ್ಷಗಟ್ಟಲೆ ಫೀಸ್ ಕಟ್ಟಿದವರು ಫೋನ್ ಮಾಡಿ ‘ನಮ್ಮ ಹುಡುಗನ ಮಾರ್ಕ್ಸ್ ಎಷ್ಟು’ ಎಂದರೆ, ಅವನನ್ನೇ ಕೇಳಿ ಎಂಬ ಉತ್ತರ ಸಾಮಾನ್ಯ.

ಆಮೇಲೆ ಮತ್ತೊಂದು ತಿರುವು. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ 19 ವರ್ಷದ ಜೀನ್ ಕ್ಲೆರಿಯ ಅತ್ಯಾಚಾರ, ಕೊಲೆ ನಡೆಯಿತು. ಆಕೆಯ ತಂದೆತಾಯಿ ನಡೆಸಿದ ಹೋರಾಟದ ಫಲವಾಗಿ 1990ರಲ್ಲಿ ಕಾನೂನು ಬಂತು. ಫೆಡರಲ್ ಹಣ ಪಡೆಯುವ ಪ್ರತಿ ಕಾಲೇಜೂ ತನ್ನ ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗಪಡಿಸಬೇಕು. ಹೀಗೆ ಅಮೆರಿಕದ ಸ್ಟೂಡೆಂಟ್ ಅಫೇರ್ಸ್ ಅಧಿಕಾರಿ ಎರಡು ಹಗ್ಗಗಳ ನಡುವೆ ಸಿಕ್ಕಿಕೊಂಡಿದ್ದಾರೆ. ವಿದ್ಯಾರ್ಥಿ ವಯಸ್ಕ, ಅವನ ಬದುಕಿನಲ್ಲಿ ಮೂಗು ತೂರಿಸುವಂತಿಲ್ಲ. ಆದರೆ ಅವನಿಗೇನಾದರೂ ಆದರೆ ಉತ್ತರ ಹೇಳಬೇಕಾದವರು ಅವರೇ.

ನಮ್ಮ ಕ್ಯಾಂಪಸ್ಸುಗಳಲ್ಲಿ ಮೊದಲನೆಯ ಹಗ್ಗ ಇನ್ನೂ ಸಡಿಲ. ದೆಹಲಿಯಲ್ಲಿ 2015ರಲ್ಲಿ ಶುರುವಾದ ‘ಪಿಂಜರಾ ತೋಡ್’ ಚಳವಳಿ ಕೇಳಿದ್ದು ಇದನ್ನೇ. ಹುಡುಗರ ಹಾಸ್ಟೆಲಿಗಿಲ್ಲದ ಗಡುವು ವೋಟು ಹಾಕುವ ವಯಸ್ಸಿನ ಹುಡುಗಿಯರ ಹಾಸ್ಟೆಲಿಗೆ ಏಕೆ? ಬೀಗ ಹಾಕುವುದು ಸುಲಭ, ಅದಕ್ಕೆ ತರಬೇತಿ ಬೇಡ. ಹುಡುಗಿ ರಾತ್ರಿ ಗ್ರಂಥಾಲಯಕ್ಕೆ ಹೋಗಿ ಸುರಕ್ಷಿತವಾಗಿ ಮರಳುವಂತೆ ದೀಪ, ಬಸ್ಸು, ಕಾವಲು ಏರ್ಪಡಿಸಬೇಕೆಂದರೆ ಅದಕ್ಕೆಂದೇ ಯೋಚಿಸುವ ಜನ ಬೇಕು.

1966ರಲ್ಲೇ ಹೇಳಿದ್ದರು

ಪೂರ್ಣಾವಧಿ ಅಧಿಕಾರಿ ಬೇಕೆಂಬುದು ನಮಗೆ ಹೊಸ ವಿಚಾರವಲ್ಲ. ಕೊಠಾರಿ ಆಯೋಗ 1966ರ ತನ್ನ ವರದಿಯಲ್ಲೇ ವಿದ್ಯಾರ್ಥಿ ಕಲ್ಯಾಣಕ್ಕೆ ಪೂರ್ಣಾವಧಿ ಡೀನ್ ಇರಬೇಕು, ಸಾವಿರ ವಿದ್ಯಾರ್ಥಿಗಳಿಗೆ ಒಬ್ಬರಾದರೂ ಆಪ್ತ ಸಲಹೆಗಾರರು ಇರಬೇಕು ಎಂದು ಶಿಫಾರಸು ಮಾಡಿತ್ತು. ವರದಿಯ ಬೇರೆ ಎಷ್ಟೋ ಅಂಶಗಳು ಜಾರಿಯಾದವು. 10+2 ಕೂಡ ಅಲ್ಲಿಂದಲೇ ಬಂದದ್ದು. ಈ ಶಿಫಾರಸು ಮಾತ್ರ ಪುಸ್ತಕದಲ್ಲೇ ಉಳಿಯಿತು.

ಬದಲಿಗೆ ಆದದ್ದು ಇಷ್ಟು. ಒಂದೊಂದು ದುರಂತದ ನಂತರ ಒಂದೊಂದು ಸಮಿತಿ ಬಂತು. 2009ರಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ರ‍್ಯಾಗಿಂಗಿಗೆ ಬಲಿಯಾದ ವರ್ಷವೇ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿ ತಂದಿತು. 2016ರಲ್ಲಿ ಲೈಂಗಿಕ ಕಿರುಕುಳ ತಡೆಯ ಆಂತರಿಕ ದೂರು ಸಮಿತಿ ಕುರಿತ ನಿಯಮಾವಳಿ, 2019ರಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆ ‘ದೀಕ್ಷಾರಂಭ’, 2023ರಲ್ಲಿ ಕುಂದುಕೊರತೆ ಸಮಿತಿ ಮತ್ತು ಒಂಬುಡ್ಸ್‌ಪರ್ಸನ್. ಪ್ರತಿಯೊಂದೂ ಅಗತ್ಯವೇ. ಆದರೆ ಈ ಸಮಿತಿಗಳಲ್ಲೆಲ್ಲ ಕೂರುವವರು ಅದೇ ಏಳೆಂಟು ಪ್ರಾಧ್ಯಾಪಕರು. ಅವರ ಬಡ್ತಿ ನಿರ್ಧಾರವಾಗುವುದು ಹೆಚ್ಚಾಗಿ ಪ್ರಕಟಿಸಿದ ಪ್ರಬಂಧಗಳಿಂದ. ಒಬ್ಬ ಹುಡುಗಿಯನ್ನು ಕಾಲೇಜು ಬಿಡದಂತೆ ಉಳಿಸಿಕೊಂಡದ್ದು ಅವರ ಬಯೋಡೇಟಾದಲ್ಲಿ ಎಲ್ಲಿ ಬರೆಯಬೇಕು?

ಐಐಟಿಗಳಲ್ಲಿ ‘ಡೀನ್, ಸ್ಟೂಡೆಂಟ್ ಅಫೇರ್ಸ್’ ಎಂಬ ಘನವಾದ ಹುದ್ದೆ ಇದೆ. ಅದರಲ್ಲಿ ಕೂರುವವರೂ ವಿಜ್ಞಾನ, ತಂತ್ರಜ್ಞಾನದ ಪ್ರಾಧ್ಯಾಪಕರೇ. ಕೆಲವು ವರ್ಷಗಳ ಅವಧಿ ಮುಗಿಸಿ ಪ್ರಯೋಗಾಲಯಕ್ಕೆ ಮರಳುತ್ತಾರೆ. ಅವರಲ್ಲಿ ನಿಜವಾದ ಕಾಳಜಿ ಇರುವವರು ಬಹಳಷ್ಟು ಮಂದಿ. ಆದರೆ ಕಲಿತದ್ದು ಅವರೊಂದಿಗೇ ಹೋಗುತ್ತದೆ, ಹೊಸಬರು ಮೊದಲಿನಿಂದ ಶುರುಮಾಡುತ್ತಾರೆ. ತಮಾಷೆಯೆಂದರೆ ವಿದ್ಯಾರ್ಥಿಗಳಿಗೆಂದೇ ಪೂರ್ಣಾವಧಿ ಹುದ್ದೆ ಕರ್ನಾಟಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರುವುದು ಹೆಸರಾಂತ ಕ್ಯಾಂಪಸ್ಸುಗಳಲ್ಲಲ್ಲ, ಸಮಾಜ ಕಲ್ಯಾಣ ಇಲಾಖೆ ಮತ್ತು ಬಿಸಿಎಂ ಹಾಸ್ಟೆಲುಗಳಲ್ಲಿ. ಅಲ್ಲಿನ ನಿಲಯ ಪಾಲಕರನ್ನು ಸರ್ಕಾರ ಪರೀಕ್ಷೆ ನಡೆಸಿ ನೇಮಿಸುತ್ತದೆ. ಅಕ್ಕಿ, ಬೇಳೆ, ಹಾಜರಾತಿ ಲೆಕ್ಕದಲ್ಲೇ ಅವರ ದಿನ ಮುಗಿಯುತ್ತದೆ ಎಂಬುದು ಬೇರೆ ಮಾತು. ಆದರೂ ರಾತ್ರಿ ಬಾಗಿಲು ತಟ್ಟಿದರೆ ತೆರೆಯುವುದು ಯಾರ ಕೆಲಸ ಎಂಬ ಬಗ್ಗೆ ಅಲ್ಲಿ ಗೊಂದಲವಿಲ್ಲ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಶಾಲೆ, ಕೋಚಿಂಗ್, ಕಾಲೇಜು ಎಲ್ಲ ಸೇರಿದ ಲೆಕ್ಕ ಇದು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಇಂಥ ಸಾವುಗಳ ಕಾರಣ ಹುಡುಕಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅದೇ ಜುಲೈ 25ರಂದು ಮತ್ತೊಂದು ಪ್ರಕರಣದಲ್ಲಿ, ವಿಶಾಖಪಟ್ಟಣದಲ್ಲಿ ನೀಟ್‌ಗೆ ತಯಾರಾಗುತ್ತಿದ್ದ ಬಾಲಕಿಯ ಸಾವಿನ ವಿಚಾರಣೆಯ ವೇಳೆ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಕಾನೂನು ಬರುವವರೆಗೆ ಇವೇ ಕಾನೂನು.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಆಪ್ತ ಸಲಹೆಗಾರ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿಯ ಸಂಖ್ಯೆಗಳು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಎದ್ದು ಕಾಣಬೇಕು. ವಸತಿ ಸಂಸ್ಥೆಗಳಲ್ಲಿ ಫ್ಯಾನುಗಳನ್ನು ಬದಲಿಸಬೇಕೆಂಬ ಸೂಚನೆಯೂ ಈ ಪಟ್ಟಿಯಲ್ಲಿದೆ. ಕೋಟಾದ ಜಿಲ್ಲಾಡಳಿತ 2023ರಲ್ಲೇ ಅದನ್ನು ಮಾಡಿಸಲು ಹೊರಟಿತ್ತು. ಇದು ಜೀವ ಉಳಿಸಬಹುದು, ಅಲ್ಲಗಳೆಯುವಂತಿಲ್ಲ. ಆದರೆ ಬಜೆಟ್ ಮೀಟಿಂಗಿನಲ್ಲಿ ಫ್ಯಾನಿಗೆ ಬೇಗ ಒಪ್ಪಿಗೆ ಸಿಕ್ಕಿ, ತಿಂಗಳು ತಿಂಗಳೂ ಸಂಬಳ ಕೊಡಬೇಕಾದ ಮನುಷ್ಯರ ಕಡತ ಹಿಂದೆ ಬೀಳುವ ಅಪಾಯವಿದೆ.

ಒಬ್ಬ ಆಪ್ತ ಸಲಹೆಗಾರರನ್ನು ನೇಮಿಸಿದರೆ ಮುಗಿಯಿತೇ? ಅವರ ಕೊಠಡಿ ಪ್ರಾಂಶುಪಾಲರ ಕಚೇರಿಯ ಎದುರಿಗಿದ್ದರೆ ಯಾರೂ ಹೋಗುವುದಿಲ್ಲ. ಹೇಳಿದ್ದು ಮರುದಿನ ವಿಭಾಗದ ಮುಖ್ಯಸ್ಥರಿಗೆ ತಿಳಿಯುತ್ತದೆ ಎಂಬ ಗುಮಾನಿ ಒಮ್ಮೆ ಹರಡಿದರೆ ಸಾಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳಿಗೆ ವಿನಾಯಿತಿ ಇದೆ. ಈ ಗೆರೆ ಎಲ್ಲಿದೆ ಎಂದು ತಿಳಿದಿರುವುದೇ ವೃತ್ತಿಪರರಿಗೂ ಒಳ್ಳೆಯ ಮನಸ್ಸಿನ ಮೇಷ್ಟರಿಗೂ ಇರುವ ವ್ಯತ್ಯಾಸ. ಭಾಷೆಯ ಮಾತೂ ಇದೆ. ರಾಯಚೂರಿನ ಹುಡುಗಿಗೆ ಚೆನ್ನೈನಲ್ಲಿ ಅಳು ಬರುವುದು ಕನ್ನಡದಲ್ಲಿ. ಸಮಾಲೋಚನೆ ಸಿಗುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ (14416) ಇಲ್ಲಿ ಉಪಯೋಗಕ್ಕೆ ಬರುತ್ತದೆ. 24 ಗಂಟೆಯೂ ಉಚಿತ, ಕನ್ನಡ ಆರಿಸಿಕೊಂಡು ಮಾತನಾಡಬಹುದು.

ಕರ್ನಾಟಕದ ಕ್ಯಾಂಪಸ್ಸುಗಳಿಗೆ ಇನ್ನೊಂದು ಕೊರತೆ. 1980ರ ದಶಕದ ಕೊನೆಯಿಂದ ಅಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳಿಗೆ ನಿಷೇಧವಿದೆ. ಚುನಾವಣೆಗಳ ಗದ್ದಲ, ಹೊಡೆದಾಟ ನಿಂತಿತು ನಿಜ. ಜೊತೆಗೆ ಆಡಳಿತದ ಎದುರು ಕುಳಿತು ವಿದ್ಯಾರ್ಥಿಗಳ ಪರ ಮಾತನಾಡುವ ಆಯ್ಕೆಯಾದ ಪ್ರತಿನಿಧಿಯೂ ಇಲ್ಲವಾದ. ಅಂಥ ಕಡೆ ಕ್ಷೇಮಪಾಲನಾಧಿಕಾರಿಯ ಕುರ್ಚಿ ಖಾಲಿಯಿದ್ದರೆ ದೂರು ಹೇಳಿಕೊಳ್ಳಲು ಉಳಿಯುವುದು ಇನ್‌ಸ್ಟಾಗ್ರಾಂ.

ಈ ವೃತ್ತಿಗೆ ಹೋಗುವುದು ಹೇಗೆ?

ಅಮೆರಿಕದಲ್ಲಿ ದಾರಿ ಸ್ಪಷ್ಟ. ಪದವಿ ಓದುವಾಗಲೇ ಹಾಸ್ಟೆಲಿನಲ್ಲಿ ‘ರೆಸಿಡೆಂಟ್ ಅಸಿಸ್ಟೆಂಟ್’ ಆಗಿ ಕಿರಿಯರನ್ನು ನೋಡಿಕೊಳ್ಳುತ್ತಾರೆ, ಸಂಬಳದ ಬದಲು ಅಥವಾ ಜೊತೆಗೆ ವಸತಿ ಉಚಿತವಾಗಿ ಸಿಗುವುದುಂಟು. ಅಲ್ಲಿ ಓದುವ ಭಾರತೀಯ ವಿದ್ಯಾರ್ಥಿಗಳೂ ಖರ್ಚು ತಗ್ಗಿಸಲು ಈ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಮುಂದೆ ಕೊಲಂಬಿಯಾದ ಟೀಚರ್ಸ್ ಕಾಲೇಜ್, ಇಂಡಿಯಾನಾ, ಬೌಲಿಂಗ್ ಗ್ರೀನ್‌ನಂಥ ಕಡೆ ಸ್ನಾತಕೋತ್ತರ ಪದವಿ. ಹದಿಹರೆಯ ದಾಟುವ ಮನಸ್ಸಿನ ಬೆಳವಣಿಗೆ, ಕಾನೂನು, ಬಜೆಟ್, ಸಮಾಲೋಚನೆ ಎಲ್ಲ ಪಠ್ಯದಲ್ಲಿರುತ್ತವೆ. ಟೀಕೆ ಇಲ್ಲವೆಂದಲ್ಲ. ಅಧಿಕಾರಿಗಳ ಸಂಖ್ಯೆ ಉಬ್ಬಿ ಫೀಸ್ ಏರಲು ಇಂಥ ಕಚೇರಿಗಳೂ ಕಾರಣ ಎನ್ನುವವರು ಅಲ್ಲಿ ಬಹಳ. ಸಂಬಳ ಕಡಿಮೆ, ರಾತ್ರಿ ದುಡಿಮೆ ಹೆಚ್ಚು ಎಂದು ವೃತ್ತಿ ಬಿಡುವವರೂ ಇದ್ದಾರೆ.

ಭಾರತದಲ್ಲಿ ಈ ಹೆಸರಿನ ಪದವಿ ಹುಡುಕುತ್ತ ಕೂರುವುದು ಬೇಡ. ಎಂಎಸ್‌ಡಬ್ಲ್ಯು, ಮನೋವಿಜ್ಞಾನದ ಎಂಎ ಅಥವಾ ಎಂಎಸ್ಸಿ ಮಾಡಿದವರು ಈ ಕಡೆ ಬರುತ್ತಿದ್ದಾರೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಇದಕ್ಕೆಂದೇ ಕಚೇರಿ ತೆರೆದಿವೆ, ಮಣಿಪಾಲದಲ್ಲಿ ಸ್ಟೂಡೆಂಟ್ ಅಫೇರ್ಸ್ ನಿರ್ದೇಶಕರ ಹುದ್ದೆಯೇ ಇದೆ. ಕೋರ್ಟಿನ ಆದೇಶದ ನಂತರ ಸಲಹೆಗಾರರ ಬೇಡಿಕೆ ಹೆಚ್ಚುವುದು ಸಹಜ. ಒಂದು ಎಚ್ಚರಿಕೆ ಮಾತ್ರ. ಜಾಹೀರಾತಿನಲ್ಲಿ ‘ಸ್ಟೂಡೆಂಟ್ ಕೌನ್ಸೆಲರ್’ ಎಂದಿದ್ದು, ಕೆಲಸಕ್ಕೆ ಸೇರಿದ ಮೇಲೆ ಅಡ್ಮಿಷನ್ ತರುವ ಟಾರ್ಗೆಟ್ ಕೊಡುವ ಸಂಸ್ಥೆಗಳು ಕಡಿಮೆಯಿಲ್ಲ. ಸಂದರ್ಶನದಲ್ಲೇ ಕೇಳಿಬಿಡಿ.

ಅಡ್ಮಿಷನ್ ದಿನ ಕೇಳಬೇಕಾದ್ದು

ಪೋಷಕರು ಕಾಲೇಜಿನ ಕೌಂಟರಿನಲ್ಲಿ ಮೂರು ವಿಷಯ ವಿಚಾರಿಸಿ. ಆಪ್ತ ಸಲಹೆಗಾರರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ಅವರ ವಿದ್ಯಾರ್ಹತೆ ಏನು? ಹಾಸ್ಟೆಲಿನಲ್ಲಿ ರಾತ್ರಿ ಉಳಿಯುವ ಸಿಬ್ಬಂದಿ ಯಾರು? ಕುಂದುಕೊರತೆ ಸಮಿತಿಯ ಮತ್ತು ಒಂಬುಡ್ಸ್‌ಪರ್ಸನ್ ಹೆಸರು, ಇಮೇಲ್ ಎಲ್ಲಿ ಹಾಕಿದ್ದಾರೆ? 2023ರ ಯುಜಿಸಿ ನಿಯಮದಂತೆ ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದು ಸರಿಯೆನಿಸದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ರ‍್ಯಾಗಿಂಗ್ ಆದರೆ ಸಮಿತಿಗಾಗಿ ಕಾಯಬೇಕಿಲ್ಲ, 1800-180-5522ಕ್ಕೆ ನೇರವಾಗಿ ಕರೆ ಮಾಡಬಹುದು. ಈ ಸಂಖ್ಯೆಯನ್ನೂ 14416ನ್ನೂ ಮಗನ ಅಥವಾ ಮಗಳ ಫೋನಿನಲ್ಲಿ ಹಾಸ್ಟೆಲಿಗೆ ಬಿಟ್ಟು ಬರುವ ಮೊದಲೇ ಸೇವ್ ಮಾಡಿಸಿ.